ವೆಂಕಟಪ್ಪ ಚಿತ್ರಶಾಲೆಗೆ 50 ವರ್ಷ: ಹಬ್ಬ ಕಟ್ಟಡಕ್ಕಾ, ಒಳಗಿರೋ ಚಿತ್ರಗಳಿಗಾ?

ಡ್ರಾಯಿಂಗ್ ಮೇಷ್ಟ್ರು (ಚಾಮರಾಜಪೇಟೆ)

ಎಲ್ರಿಗೂ ನಮಸ್ಕಾರ. ನಮ್ಮ ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆ ಜನರಿಗೆ ಅಂತ ಬಾಗಿಲು ತೆರೆದಿದ್ದು 1975ರಲ್ಲಿ, ಅಂದ್ರೆ 2025ಕ್ಕೆ ಭರ್ತಿ ಐವತ್ತು. ಪಕ್ಕದಲ್ಲೇ ಇರೋ ಕೆಂಪು ಕಟ್ಟಡದ ಸರ್ಕಾರಿ ಮ್ಯೂಸಿಯಂ ಶುರುವಾಗಿದ್ದು 1865ರಲ್ಲಿ, ಅದಕ್ಕೆ ನೂರ ಅರವತ್ತು. ಒಂದೇ ಕಾಂಪೌಂಡಲ್ಲಿ ಎರಡು ಹುಟ್ಟುಹಬ್ಬ.

ಇಂಥ ವರ್ಷ ಬಂದಾಗ ನಮ್ಮಲ್ಲಿ ಏನಾಗುತ್ತೆ ಅಂತ ಎಲ್ರಿಗೂ ಗೊತ್ತು. ಕಟ್ಟಡಕ್ಕೆ ಸುಣ್ಣ ಬಣ್ಣ, ಫ್ಲೆಕ್ಸು, ದೀಪ ಬೆಳಗೋದು, ಶಾಲು ಹಾರ ಹಣ್ಣಿನ ಬುಟ್ಟಿ, ನಾಲ್ಕು ಭಾಷಣ, ಸಂಜೆಗೆ ಮುಗೀತು. ಅದು ಬೇಡ ಅಂತಲ್ಲ, ಅದೂ ಆಗಲಿ, ಆದ್ರೆ ಐವತ್ತು ವರ್ಷ ಆಗಿರೋದು ಆ ಸಂಗ್ರಹಕ್ಕೆ ಅಲ್ವಾ, ಆ ಚಿತ್ರಗಳ ಮುಂದೆ ಜನ ನಿಲ್ಲೋ ಹಾಗೆ ಏನು ಮಾಡಬಹುದು ಅಂತ ನಾವು ನಾಲ್ಕು ಜನ ಕೂತು ಯೋಚನೆ ಮಾಡಿ ಇಲಾಖೆಗೆ ಒಂದು ಪತ್ರ ಬರೆಯೋಣ ಅಂತ ನನ್ನ ಆಸೆ. ನನ್ನ ಕಡೆಯಿಂದ ಮೊದಲನೇದು ಇದು: ವೆಂಕಟಪ್ಪನವರ ಅಷ್ಟೂ ಚಿತ್ರ ಹೊರಗೆ ತೆಗೆದು ಇಡೀ ವರ್ಷ ಗೋಡೆ ಮೇಲೆ ಇಡಬೇಕು.

ಗೊತ್ತಿಲ್ಲದವರಿಗೆ ಎರಡು ಮಾತು. ಕೆ. ವೆಂಕಟಪ್ಪ ಹುಟ್ಟಿದ್ದು 1886, ತೀರಿಕೊಂಡಿದ್ದು 1965. ಮೈಸೂರು ಅರಮನೆಗೆ ಚಿತ್ರ ಬರೆಯುತ್ತಿದ್ದ ಮನೆತನ. ನಾಲ್ವಡಿಯವರು ಸ್ಕಾಲರ್‌ಶಿಪ್ ಕೊಟ್ಟು ಕಲ್ಕತ್ತಾಗೆ ಕಳಿಸಿದ್ರು, ಅಲ್ಲಿ ಬಂಗಾಳದ ಚಿತ್ರಕಾರ ಅವನೀಂದ್ರನಾಥ ಠಾಕೂರರ ಶಿಷ್ಯ ಆದ್ರು, ನಂದಲಾಲ್ ಬೋಸ್ ಅವರ ಜೊತೆಯವರು. ಅಜಂತಾ ಗುಹೆ ಚಿತ್ರಗಳನ್ನ ನಕಲು ಮಾಡೋಕೆ ಲೇಡಿ ಹೆರಿಂಗ್‌ಹ್ಯಾಮ್ ಕರ್ಕೊಂಡು ಹೋದ ಹುಡುಗರಲ್ಲಿ ಇವರೂ ಒಬ್ಬರು. ಸೋದರಿ ನಿವೇದಿತಾ, ಆನಂದ ಕುಮಾರಸ್ವಾಮಿ ಬರೆದ ಪುರಾಣಕಥೆಗಳ ಪುಸ್ತಕದಲ್ಲಿ ಇವರ ಚಿತ್ರಗಳಿವೆ. ಇಷ್ಟೆಲ್ಲಾ ಆದ ಮೇಲೆ ಬಂಗಾಳದಲ್ಲೇ ಉಳೀದೆ ವಾಪಸ್ ನಮ್ಮೂರಿಗೆ ಬಂದ್ರು ನೋಡಿ, ನನಗೆ ಅವರ ಮೇಲೆ ಗೌರವ ಜಾಸ್ತಿ ಆಗೋದು ಅದಕ್ಕೇ.

ಮಲ್ಲೇಶ್ವರಂ ಅಜ್ಜಿ

ಮೇಷ್ಟ್ರೇ, ಒಳ್ಳೇ ವಿಷಯ ಎತ್ತಿದ್ರಿ. ವೆಂಕಟಪ್ಪನವರು ವೀಣೆ ಶೇಷಣ್ಣನವರ ಹತ್ರ ವೀಣೆ ಕಲ್ತವರು, ಅದನ್ನ ಬಿಡಬೇಡಿ. ಚಿತ್ರ ಬರೆಯೋದನ್ನೇ ಬದಿಗಿಟ್ಟು ವೀಣೆ ಹಿಂದೆ ಬಿದ್ದಿದ್ರಂತೆ ಒಂದು ಕಾಲದಲ್ಲಿ, ಆ ಹುಚ್ಚನ್ನೇ ಒಂದು ಚಿತ್ರ ಮಾಡಿದಾರೆ, 1926ರದ್ದು. ಹಾಗಾಗಿ ನನ್ನ ಕೋರಿಕೆ ಇಷ್ಟೇ, ಹಬ್ಬದ ದಿನ ಆರ್ಕೆಸ್ಟ್ರಾ ಮೈಕು ಏನೂ ಬೇಡ, ಚಿತ್ರಗಳಿರೋ ಹಾಲ್‌ನಲ್ಲೇ ಒಂದು ವೀಣೆ ಕಛೇರಿ ಆಗಲಿ, ಮೈಸೂರು ಬಾನಿಯಲ್ಲೇ. ನೆಲದ ಮೇಲೆ ಜಮಖಾನ ಹಾಸಿ ಕೂತು ಕೇಳೋಣ.

ಮಾರತಹಳ್ಳಿ ಟೆಕ್ಕಿ

ನಾನು ಹಾಸನದವನು, ಬೆಂಗಳೂರಿಗೆ ಬಂದು ವರ್ಷಗಳಾಯ್ತು, ಆ ರಸ್ತೆಯಲ್ಲಿ ಸುಮಾರು ಸಲ ಓಡಾಡಿದೀನಿ, ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಅಣ್ಣನ ಮಕ್ಕಳನ್ನ ಕರ್ಕೊಂಡು ಹೋಗಿದೀನಿ, ಡೈನೋಸಾರ್ ನೋಡಿ ಐಸ್ ಕ್ರೀಂ ತಿಂದು ವಾಪಸ್. ಪಕ್ಕದ ಗೇಟಲ್ಲಿ ಇಷ್ಟೆಲ್ಲಾ ಇದೆ ಅಂತ ಯಾರೂ ಹೇಳಿರಲಿಲ್ಲ. ಒಂದು ಪ್ರಶ್ನೆ, ತಪ್ಪು ತಿಳ್ಕೋಬೇಡಿ ಮೇಷ್ಟ್ರೇ. ನನ್ನಂಥವನು ಆ ಚಿತ್ರದ ಮುಂದೆ ನಿಂತರೆ ಏನನ್ನ ನೋಡಬೇಕು? ಬೆಟ್ಟ, ಮೋಡ, ಕೆರೆ ಅಂತ ನೋಡಿ ಮುಂದೆ ಹೋಗಿಬಿಡ್ತೀನಿ ಅಷ್ಟೇ.

ಡ್ರಾಯಿಂಗ್ ಮೇಷ್ಟ್ರು (ಚಾಮರಾಜಪೇಟೆ)

ಇದೇ ಪ್ರಶ್ನೆನ ನನ್ನ ಎಂಟನೇ ಕ್ಲಾಸ್ ಮಕ್ಕಳೂ ಕೇಳ್ತಾರಪ್ಪ, ಅದರಲ್ಲಿ ತಪ್ಪು ತಿಳಿಯೋದು ಏನಿದೆ.

ವೆಂಕಟಪ್ಪನವರ ಊಟಿ ಚಿತ್ರಗಳನ್ನ ತಗೋ. ಜಲವರ್ಣದಲ್ಲಿ ಬಿಳಿ ಅನ್ನೋದು ಹೆಚ್ಚಾಗಿ ಬಣ್ಣದ ಡಬ್ಬಿಯಿಂದ ಬರಲ್ಲ, ಅದು ಕಾಗದದ ಬಿಳಿ. ಅಂದ್ರೆ ಮಂಜು ಎಲ್ಲಿರಬೇಕು ಅಂತ ಮೊದಲೇ ಮನಸ್ಸಲ್ಲಿ ಗಟ್ಟಿ ಮಾಡ್ಕೊಂಡು ಅಲ್ಲಿ ಬ್ರಷ್ ಇಡದೇ ಇರಬೇಕು, ಅಥವಾ ಇಟ್ಟ ಬಣ್ಣನ ಒದ್ದೆ ಇರುವಾಗಲೇ ಎತ್ತಬೇಕು. ಒಂದು ಸಲ ಒಣಗಿದ್ರೆ ಮುಗೀತು, ಎಣ್ಣೆಬಣ್ಣದ ಥರ ಮೇಲೆ ಬಳಿದು ಮುಚ್ಚೋಕಾಗಲ್ಲ. ಈಗ ಮಂಜು ಬೆಟ್ಟಕ್ಕೆ ತಾಗೋ ಅಂಚನ್ನ ನೋಡು. ಎಲ್ಲಿ ಬೆಟ್ಟ ಮುಗೀತು ಎಲ್ಲಿ ಮಂಜು ಶುರುವಾಯ್ತು ಅಂತ ಬೆರಳಿಟ್ಟು ತೋರಿಸೋಕೆ ಆಗಬಾರದು, ಅಲ್ಲೇ ಇರೋದು ಕೈಚಳಕ. ಹತ್ತಿರ ಹೋದರೆ ಬಣ್ಣದ ಕಲೆ, ನಾಲ್ಕು ಹೆಜ್ಜೆ ಹಿಂದೆ ಬಂದ್ರೆ ಮಳೆ ಬರೋ ಮುಂಚಿನ ಊಟಿ.

ಇನ್ನು ಬಂಗಾಳದವರ ವಾಶ್ ಅಂತ ಒಂದಿದೆ, ತೆಳುವಾಗಿ ಬಣ್ಣ ಹಾಕಿ, ಒಣಗಿಸಿ, ಇಡೀ ಕಾಗದನ ನೀರಲ್ಲಿ ಅದ್ದೋದು, ಹೋಗೋ ಬಣ್ಣ ಹೋಗುತ್ತೆ, ಕಾಗದದ ನಾರಿಗೆ ಹಿಡ್ಕೊಂಡಿದ್ದು ಉಳಿಯುತ್ತೆ, ಆಮೇಲೆ ಮತ್ತೆ ಬಣ್ಣ, ಮತ್ತೆ ನೀರು. ಜಪಾನಿನ ಕಲಾವಿದರು ಕಲ್ಕತ್ತಾಗೆ ಬಂದಾಗ ಅವರನ್ನ ನೋಡಿ ಅವನೀಂದ್ರನಾಥರು ತಮ್ಮದೇ ರೀತಿ ಕಂಡ್ಕೊಂಡಿದ್ದು ಇದು. ವೆಂಕಟಪ್ಪ ಇದನ್ನ ಕಲ್ತರು, ಆದ್ರೆ ಊಟಿ, ಕೊಡೈಕೆನಾಲ್‌ಗೆ ಹೋದ ಮೇಲೆ ಪುರಾಣದ ಕಥೆ ಬಿಟ್ಟು ಕಣ್ಣೆದುರು ಇರೋ ಬೆಟ್ಟ ಬರೆದ್ರು. ಅದು ಸಣ್ಣ ಮಾತಲ್ಲ.

ಕಾಗದ ರಿಪೇರಿ

ಮೇಷ್ಟ್ರೇ, ನಿಮ್ಮ ಕಾಳಜಿಗೆ ಕೈ ಮುಗೀತೀನಿ, ಆದ್ರೆ "ಅಷ್ಟೂ ಚಿತ್ರ ಇಡೀ ವರ್ಷ ಗೋಡೆ ಮೇಲೆ" ಅನ್ನೋದನ್ನ ದಯವಿಟ್ಟು ಪತ್ರದಲ್ಲಿ ಹಾಕಬೇಡಿ. ನನ್ನ ಕೆಲಸವೇ ಹಳೇ ಕಾಗದ, ಹಳೇ ಚಿತ್ರ ರಿಪೇರಿ ಮಾಡೋದು, ಅದಕ್ಕೇ ಇಷ್ಟು ಖಡಕ್ಕಾಗಿ ಹೇಳ್ತಿದೀನಿ.

ಬೆಳಕು ಅನ್ನೋದು ಜಲವರ್ಣಕ್ಕೆ ನಿಧಾನ ವಿಷ. ಬಣ್ಣ ಮಾಸೋದು ಒಂದೇ ದಿನ ಕಾಣಲ್ಲ, ಆದ್ರೆ ಬಿದ್ದ ಬೆಳಕೆಲ್ಲಾ ಲೆಕ್ಕಕ್ಕೆ ಸೇರ್ತಾ ಹೋಗುತ್ತೆ. ಆಮೇಲೆ ಕತ್ತಲಲ್ಲಿ ಇಟ್ಟರೆ ವಾಪಸ್ ಬರಲ್ಲ. ಕಾಗದ ಹರಿದ್ರೆ ಅಂಟಿಸಬಹುದು, ಕಲೆ ತೆಗೀಬಹುದು, ಹೋದ ಬಣ್ಣನ ಮಾತ್ರ ಯಾರೂ ತಂದುಕೊಡೋಕಾಗಲ್ಲ.

ಲೆಕ್ಕ ಹೇಳ್ತೀನಿ. ಜಲವರ್ಣ, ಬಟ್ಟೆ, ಹಳೇ ಫೋಟೋ ಇಂಥವಕ್ಕೆ ಮ್ಯೂಸಿಯಂಗಳಲ್ಲಿ 50 ಲಕ್ಸ್‌ಗಿಂತ ಜಾಸ್ತಿ ಬೆಳಕು ಇಡಬಾರದು ಅಂತ ಪದ್ಧತಿ, ಲಕ್ಸ್ ಅಂದ್ರೆ ಬೆಳಕು ಅಳೆಯೋ ಮಾನ. ನಮ್ಮ ಆಫೀಸುಗಳಲ್ಲಿ ಮೇಜಿನ ಮೇಲೆ 300ರಿಂದ 500 ಇರುತ್ತೆ, ಹೊರಗೆ ಸುಡೋ ಬಿಸಿಲಲ್ಲಿ ಒಂದು ಲಕ್ಷ ದಾಟುತ್ತೆ. ಬೇಗ ಮಾಸೋ ಬಣ್ಣಗಳಿಗೆ ಅಂತರರಾಷ್ಟ್ರೀಯ ಮಟ್ಟದಲ್ಲಿ ಹೇಳಿರೋ ಮಿತಿ ವರ್ಷಕ್ಕೆ 15,000 ಲಕ್ಸ್ ಅವರ್, ಅಂದ್ರೆ ಎಷ್ಟು ಲಕ್ಸ್, ಎಷ್ಟು ಗಂಟೆ ಅನ್ನೋದರ ಗುಣಾಕಾರ. 50 ಲಕ್ಸ್‌ನಲ್ಲಿ ಇಟ್ಟರೆ 300 ಗಂಟೆ. ಗ್ಯಾಲರಿ ದಿನಕ್ಕೆ ಏಳು ಗಂಟೆ ತೆರೆದಿದ್ರೆ ಹತ್ತಿರ ಹತ್ತಿರ 43 ದಿನ. ಅಷ್ಟೇ! ವರ್ಷದಲ್ಲಿ ಮಿಕ್ಕಿದ್ದಷ್ಟೂ ದಿನ ಅದು ಡ್ರಾಯರ್ ಒಳಗೆ ಮಲಗಿರಬೇಕು. ಸ್ವಲ್ಪ ಗಟ್ಟಿ ಬಣ್ಣ ಆದ್ರೆ ಇನ್ನೂ ಜಾಸ್ತಿ ದಿನ ಇಡಬಹುದು, ಆದ್ರೆ ಯಾವ ಚಿತ್ರದಲ್ಲಿ ಯಾವ ಬಣ್ಣ ಬಳಸಿದಾರೆ ಅಂತ ಪರೀಕ್ಷೆ ಮಾಡದೆ ಹೇಳೋಕಾಗಲ್ಲ. ಹಳೇ ಕಾಲದ ಅಲಿಜರಿನ್ ಕೆಂಪು, ಗ್ಯಾಂಬೋಜ್ ಹಳದಿ, ಕೆಲವು ಸಲ ನೀಲಿ ಕೂಡ ತುಂಬಾ ಬೇಗ ಓಡಿಹೋಗುತ್ತೆ. ಮೇಷ್ಟ್ರು ಹೇಳಿದ್ರಲ್ಲ ಮಂಜಿನ ಅಂಚು, ಅಂಥ ಜಾಗದಲ್ಲಿ ಬಣ್ಣ ಇರೋದೇ ತೀರಾ ತೆಳು ಪದರ, ಮೊದಲು ಹೋಗೋದು ಅದೇ.

ಇನ್ನೊಂದು, ಬೆಳಕು ಒಂದೇ ಅಲ್ಲ. ಮಾರ್ಚಲ್ಲಿ ನಮ್ಮೂರು ಒಣ ಒಣ, ಜುಲೈ ಆಗಸ್ಟಲ್ಲಿ ಜಡಿಮಳೆ ತೇವ. ಕಾಗದ ಉಬ್ಬುತ್ತೆ, ಕುಗ್ಗುತ್ತೆ, ಹಿಂದೆ ಅಗ್ಗದ ಮೌಂಟ್ ಬೋರ್ಡ್ ಹಾಕಿದ್ರೆ ಅದರ ಆಸಿಡ್ ಕಾಗದಕ್ಕೆ ಹತ್ತಿ ಅಂಚು ಕಂದು ತಿರುಗುತ್ತೆ, ಆಮೇಲೆ ಸಣ್ಣ ಸಣ್ಣ ಕಂದು ಚುಕ್ಕೆ ಏಳುತ್ತೆ, ಸಿಲ್ವರ್ ಫಿಶ್ ಹುಳ ಬೇರೆ. ಹಾಗಾಗಿ ಐವತ್ತರ ಹಬ್ಬಕ್ಕೆ ದುಡ್ಡು ಬಂದ್ರೆ ಮೊದಲ ಖರ್ಚು ಆಸಿಡ್ ಇಲ್ಲದ ಮೌಂಟು, ಯುವಿ ತಡೆಯೋ ಗಾಜು, ತೇವ ಅಳೆಯೋ ಮೀಟರು. ಫೋಟೋದಲ್ಲಿ ಚೆನ್ನಾಗಿ ಕಾಣೋ ಖರ್ಚಲ್ಲ ಇದು, ಆದ್ರೆ ಇನ್ನೊಂದು ಐವತ್ತು ವರ್ಷ ಆ ಚಿತ್ರ ಉಳಿಯೋದು ಇದರಿಂದಲೇ.

ಡ್ರಾಯಿಂಗ್ ಮೇಷ್ಟ್ರು (ಚಾಮರಾಜಪೇಟೆ)

ಸಾರ್, ನೀವು ಹೇಳಿದ್ದು ಅರ್ಥ ಆಗುತ್ತೆ. ಆದ್ರೆ ನನ್ನ ಕಷ್ಟನೂ ಕೇಳಿ. ಕೋಲಾರ, ಚಿಂತಾಮಣಿ, ಕನಕಪುರ ಕಡೆಯ ಸರ್ಕಾರಿ ಶಾಲೆ ಮಕ್ಕಳು ವರ್ಷಕ್ಕೆ ಒಂದೇ ಪ್ರವಾಸ ಬರೋದು. ಆ ದಿನ ನೋಡಿದ್ರೆ ನೋಡಿದ ಹಾಗೆ. ಅವರು ಬಂದ ದಿನ ವೆಂಕಟಪ್ಪನವರದ್ದು ಡ್ರಾಯರಲ್ಲಿ ಮಲಗಿದ್ರೆ ಯಾರಿಗೆ ಉಪಯೋಗ? ಚಿತ್ರ ಉಳಿಸಬೇಕು ಅಂತ ಚಿತ್ರನೇ ತೋರಿಸದೇ ಇರೋದು ನನಗೆ ಒಪ್ಪಿಗೆ ಇಲ್ಲ. ನೂರು ವರ್ಷ ಆದ ಮೇಲೆ ಹುಟ್ಟೋ ಮಗುವಿಗೋಸ್ಕರ ಇವತ್ತು ಬಸ್ಸಿಳಿದ ಮಗುವಿಗೆ ಇಲ್ಲ ಅನ್ನೋದು ಹೇಗೆ?

ಕಾಗದ ರಿಪೇರಿ

ಇಲ್ಲ ಅನ್ನೋದು ಬೇಡ ಮೇಷ್ಟ್ರೇ, ಸರದಿ ಹಾಕೋಣ. ಸಂಗ್ರಹನ ಭಾಗ ಮಾಡಿ, ಒಂದೊಂದು ಭಾಗ ಆರೇಳು ವಾರ. ಯಾವ ದಿನ ಬಂದ್ರೂ ಗೋಡೆ ಮೇಲೆ ವೆಂಕಟಪ್ಪನವರ ಒಂದಿಷ್ಟು ಇರುತ್ತೆ, ಆದ್ರೆ ಯಾವ ಒಂದು ಚಿತ್ರಕ್ಕೂ ಸುಸ್ತಾಗಲ್ಲ. ಜೊತೆಗೆ ಅವರು ಮಾಡಿದ ಪ್ಲಾಸ್ಟರ್ ಆಫ್ ಪ್ಯಾರಿಸ್ ಉಬ್ಬುಶಿಲ್ಪಗಳಿಗೆ ಬೆಳಕಿನ ತೊಂದರೆ ಇಲ್ಲ, ತೇವ ಮತ್ತೆ ಕೈ ತಾಗೋದು ತಪ್ಪಿಸಿದ್ರೆ ಸಾಕು, ಅವು ಯಾವಾಗ್ಲೂ ಹೊರಗೇ ಇರಲಿ. ಎಣ್ಣೆಬಣ್ಣಕ್ಕೆ 200 ಲಕ್ಸ್‌ವರೆಗೂ ನಡೆಯುತ್ತೆ. ಸರದಿ ಇದ್ರೆ ಜನಕ್ಕೂ ಎರಡು ತಿಂಗಳಿಗೊಮ್ಮೆ ಮತ್ತೆ ಬರೋಕೆ ಕಾರಣ ಸಿಗುತ್ತೆ. ಹಬ್ಬ ಒಂದು ಸಂಜೆಗೆ ಮುಗಿಯಲ್ಲ, ವರ್ಷ ಪೂರ್ತಿ ನಡೆಯುತ್ತೆ.

ಮಲ್ಲೇಶ್ವರಂ ಅಜ್ಜಿ

ಇದು ಚೆನ್ನಾಗಿದೆ. ಸರದಿಗೆ ಒಂದು ಪಟ್ಟಿ ಮಾಡಿ ಮೊದಲೇ ಪೇಪರಲ್ಲಿ ಹಾಕಿಸಿ, ಆಗ ಶಾಲೆಯವರೂ ಅದಕ್ಕೆ ಸರಿಯಾಗಿ ಪ್ರವಾಸ ಇಟ್ಕೋತಾರೆ. ಮತ್ತೆ ಆ ಉಬ್ಬುಶಿಲ್ಪದ ಕಥೆನೂ ಯಾರಾದ್ರೂ ಹೇಳಿ, ಅರಮನೆ ಜೊತೆ ಏನೋ ವ್ಯಾಜ್ಯ ಆಗಿತ್ತು ಅಲ್ವಾ?

ಡ್ರಾಯಿಂಗ್ ಮೇಷ್ಟ್ರು (ಚಾಮರಾಜಪೇಟೆ)

ಹೌದು ಅಜ್ಜಿ. ಮೈಸೂರು ಅರಮನೆಗೆ ಅಂತ ಉಬ್ಬುಶಿಲ್ಪ ಮಾಡೋ ಕೆಲಸ ಒಪ್ಪಿಸಿದ್ರು, 1940ರಲ್ಲಿ ನಾಲ್ವಡಿಯವರು ತೀರಿಕೊಂಡ ಮೇಲೆ ಆ ಕೆಲಸ ನಿಂತುಹೋಯ್ತು, ಇವರು ಕೋರ್ಟಿಗೆ ಹೋದ್ರು. ಮಹಾ ಸ್ವಾಭಿಮಾನಿ ಮನುಷ್ಯ, ಮದುವೆ ಆಗಲಿಲ್ಲ, ಯಾರ ಮುಂದೆಯೂ ಕೈ ಚಾಚಲಿಲ್ಲ. ಅಂಥವರ ಹೆಸರಲ್ಲಿ ಸರ್ಕಾರ ಒಂದು ಚಿತ್ರಶಾಲೆ ಕಟ್ಟಿತು ಅಂತ ನೆನೆಸ್ಕೊಂಡ್ರೆ ಈಗಲೂ ಸಂತೋಷ ಆಗುತ್ತೆ. ಬೆಂಗಳೂರಲ್ಲಿ ಎಷ್ಟೊಂದು ರಸ್ತೆ, ಸರ್ಕಲ್ಲು ರಾಜಕಾರಣಿಗಳ ಹೆಸರಲ್ಲಿದೆ, ಒಬ್ಬ ಚಿತ್ರಕಾರನ ಹೆಸರಲ್ಲಿ ಇಷ್ಟು ದೊಡ್ಡ ಕಟ್ಟಡ ಇರೋದು ನಮ್ಮ ಪುಣ್ಯ.

ಉಡುಪಿ ಕಡೆಯವರು

ಎಲ್ಲರೂ ವೆಂಕಟಪ್ಪ ವೆಂಕಟಪ್ಪ ಹೇಳ್ತಿದ್ದೀರಿ, ನಮ್ಮ ಹೆಬ್ಬಾರರನ್ನ ಮರೀಬೇಡಿ ಮಾರಾಯ್ರೆ. ಕೆ.ಕೆ. ಹೆಬ್ಬಾರರ ಚಿತ್ರಗಳೂ ಅದೇ ಕಟ್ಟಡದಲ್ಲಿ ಉಂಟಲ್ಲ, ಅವರೇ ಕೊಟ್ಟದ್ದು. ಉಡುಪಿ ಹತ್ರ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದವರು, ಮುಂಬೈ ಜೆಜೆ ಸ್ಕೂಲಿನಲ್ಲಿ ಕಲಿತು, ಪ್ಯಾರಿಸಿಗೆ ಹೋಗಿ ಕಲಿತು, ಕೊನೆಗೂ ಬರೆದದ್ದು ಊರಿನ ಹುಂಜದ ಅಂಕ ಅಂದ್ರೆ ಕೋಳಿ ಕಾಳಗ, ಯಕ್ಷಗಾನದ ಹೆಜ್ಜೆ, ಗದ್ದೆ ಕೆಲಸದವರು. 1989ರಲ್ಲಿ ಪದ್ಮಭೂಷಣ ಬಂತು. ಅವರ ರೇಖೆ ಉಂಟಲ್ಲ, ಪೆನ್ನು ಕಾಗದದಿಂದ ಎತ್ತದೆ ಒಬ್ಬಳು ನರ್ತಕಿಯ ಪೂರ್ತಿ ಮೈ ಬರೆದುಬಿಡುವುದು, ಕಾಲಿನಿಂದ ಶುರು ಮಾಡಿ ಬೆರಳ ತುದಿಗೆ ಬರುವಾಗ ಮಧ್ಯೆ ಎಲ್ಲಿಯೂ ತಡವರಿಸಿದ್ದು ಕಾಣುವುದಿಲ್ಲ. ಮಕ್ಕಳಿಗೆ ತೋರಿಸಲಿಕ್ಕೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ, ಯಾಕೆಂದರೆ ಒಂದು ಪೆನ್ನು ಒಂದು ಕಾಗದ ಇದ್ರೆ ಅವರೂ ಮನೆಗೆ ಹೋಗಿ ಮಾಡಿ ನೋಡಬಹುದು.

ಕಲಬುರ್ಗಿ ಮಂದಿ

ನಮಸ್ಕಾರ್ರಿ ಎಲ್ಲಾರ್ಗೂ. ಒಂದ್ ಮಾತ್ ಹೇಳ್ತೀನಿ ಬ್ಯಾಸರ ಮಾಡ್ಕೋಬ್ಯಾಡ್ರಿ. ಬೆಂಗಳೂರಾಗ ಕರ್ನಾಟಕದ ಚಿತ್ರಕಲಾ ಅಂದ್ರ ಮೈಸೂರ್ ಅರಮನಿಯಿಂದ ಶುರು ಆಗಿ ಮಲ್ಲೇಶ್ವರಂದಾಗ ಮುಗಿತದ. ನಮ್ಮ ಎಸ್.ಎಂ. ಪಂಡಿತರು ಕಲಬುರ್ಗಿಯವರು, ಮುಂಬೈದಾಗ ಸಿನಿಮಾ ಪೋಸ್ಟರ್, ಕ್ಯಾಲೆಂಡರ್‌ಕ ದೇವರ ಚಿತ್ರ ಬರದು ದೇಶದ ಮನಿಮನಿ ಗ್ವಾಡಿ ಮ್ಯಾಲ ಕುಂತಾರ. ಧಾರವಾಡದಾಗ ಡಿ.ವಿ. ಹಾಲಭಾವಿ ಮಾಸ್ತರು ಶಾಲಿ ತಗದು ಎಷ್ಟ್ ಮಂದಿ ಕಲಾವಿದರನ್ನ ತಯಾರ್ ಮಾಡಿದ್ರು. ಗದಗದಾಗ ಟಿ.ಪಿ. ಅಕ್ಕಿ ಮಾಸ್ತರು ವಿಜಯ ಕಲಾಮಂದಿರ ನಡಸಿದ್ರು. ಐವತ್ತು ವರ್ಷದ ಹಬ್ಬ ಮಾಡೂದು ರಾಜ್ಯದ ಚಿತ್ರಶಾಲಿ ಅಂದ್ರ ಇವರ ಚಿತ್ರಗೋಳ್ನೂ ಎರವಲ ತಂದು ಒಂದ್ ಕೋಣಿ ಕೊಡ್ರಿ. ವೆಂಕಟಪ್ಪನವರ ಚಿತ್ರ ಡ್ರಾಯರ್‌ದಾಗ ಮಲಗಿದಾಗ ಗ್ವಾಡಿ ಹೆಂಗೂ ಖಾಲಿ ಇರ್ತದಲ್ರಿ.

ಡ್ರಾಯಿಂಗ್ ಮೇಷ್ಟ್ರು (ಚಾಮರಾಜಪೇಟೆ)

ಕಲಬುರ್ಗಿ ಸಾರ್, ಬೇಸರ ಯಾಕೆ, ಇದು ನ್ಯಾಯವಾದ ಮಾತು. ಪತ್ರದಲ್ಲಿ ಬರೀತೀನಿ. ಬೆಂಗಳೂರಲ್ಲೇ ನೋಡಿ, ಎ.ಎನ್. ಸುಬ್ಬರಾಯರು 1919ರಲ್ಲೇ ಕಲಾಮಂದಿರ ಅಂತ ಚಿತ್ರಕಲಾ ಶಾಲೆ ಶುರು ಮಾಡಿದ್ರು, ಎಷ್ಟು ಜನಕ್ಕೆ ಗೊತ್ತು? ರುಮಾಲೆ ಚೆನ್ನಬಸವಯ್ಯನವರು ಸ್ವಾತಂತ್ರ್ಯ ಹೋರಾಟ ಮಾಡಿ, ಪತ್ರಿಕೆ ನಡೆಸಿ, ಕೊನೆಗೆ ಎಲ್ಲಾ ಬಿಟ್ಟು ಬೆಂಗಳೂರಿನ ಹೂ ಬಿಟ್ಟ ಮರಗಳನ್ನ ಬರೆದ್ರು. ಇವತ್ತು ಆ ಎಷ್ಟೋ ಮರ ಇಲ್ಲ, ರಸ್ತೆ ಅಗಲ ಮಾಡಿ ಕಡಿದಿದಾರೆ, ಚಿತ್ರ ಇದೆ.

ರಾಜಾಜಿನಗರ

ರುಮಾಲೆ ಹೌಸ್ ನಮ್ಮ ರಾಜಾಜಿನಗರದಲ್ಲೇ ಇರೋದು, ಹೆಮ್ಮೆ ನಮಗೆ. ಮೇ ಫ್ಲವರ್ ಕೆಂಪಗೆ ಬಿಡೋ ಟೈಮಲ್ಲಿ ಹೋಗಿ ನೋಡಬೇಕು.

ಹಲಸೂರು ಹುಡುಗಿ

ಒಂದು ವಿಷಯ ಗಮನಿಸಿದ್ರಾ? ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿರೋ ಎನ್‌ಜಿಎಂಎ, ಅಂದ್ರೆ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ, ತೆರೆದಿದ್ದು 2009ರ ಫೆಬ್ರವರಿ 18. ಕಸ್ತೂರ್ಬಾ ರಸ್ತೆಯಲ್ಲೇ ಹೊಸದಾಗಿ ಬಂತಲ್ಲ ಮ್ಯಾಪ್ ಅನ್ನೋ ಕಲೆ, ಫೋಟೋ ಮ್ಯೂಸಿಯಂ, ಆ ಸ್ಟೀಲ್ ಹೊದಿಕೆಯ ಕಟ್ಟಡ, ಅದು ತೆರೆದಿದ್ದು 2023ರ ಫೆಬ್ರವರಿ 18. ಒಂದೇ ತಾರೀಕು! ಚಿತ್ರಕಲಾ ಪರಿಷತ್ತು 1960ರದ್ದು. ಇಷ್ಟೂ ಜಾಗ ಮೂರ್ನಾಲ್ಕು ಕಿಲೋಮೀಟರ್ ಒಳಗೇ ಇದೆ. ಫೆಬ್ರವರಿ 18ನ್ನ ಊರಿನ ಚಿತ್ರ ದಿನ ಅಂತ ಮಾಡಿ, ಎಲ್ಲಾ ಕಡೆ ಫ್ರೀ ಬಿಟ್ಟು, ಒಂದು ಬಿಎಂಟಿಸಿ ಬಸ್ಸು ಸುತ್ತು ಹಾಕಿಸಿದ್ರೆ? ವೆಂಕಟಪ್ಪ ಚಿತ್ರಶಾಲೆಯಿಂದ ಹೊರಟು ಮ್ಯಾಪ್, ಪರಿಷತ್ತು, ಎನ್‌ಜಿಎಂಎ, ಮತ್ತೆ ಇಲ್ಲಿಗೇ. ಪರಿಷತ್ತು ಬೀದಿಯಲ್ಲಿ ನಡೆಸೋ ಚಿತ್ರಸಂತೆ ದಿನ ಕುಮಾರಕೃಪಾ ರಸ್ತೆಯಲ್ಲಿ ಕಾಲಿಡೋಕೆ ಜಾಗ ಇರಲ್ಲ, ಅಂದ್ರೆ ನಮ್ಮ ಜನಕ್ಕೆ ಚಿತ್ರದಲ್ಲಿ ಆಸಕ್ತಿ ಇಲ್ಲ ಅನ್ನೋದು ಸುಳ್ಳು. ಆ ಜನ ಬಾಗಿಲು ದಾಟಿ ಒಳಗೆ ಬರೋ ಹಾಗೆ ಯಾರೂ ಕರೀತಿಲ್ಲ ಅಷ್ಟೇ.

ಗೊಂಬೆ ಆಟ

ಪರಿಷತ್ತಿನ ಮಾತು ಬಂತು ಅಂತ ಹೇಳ್ತೀನಿ. ಅಲ್ಲಿ ತೊಗಲುಗೊಂಬೆಗಳ ದೊಡ್ಡ ಸಂಗ್ರಹ ಇದೆ, ಪರಿಷತ್ತು ಕಟ್ಟಿದ ಎಂ.ಎಸ್. ನಂಜುಂಡರಾಯರು ಹಳ್ಳಿ ಹಳ್ಳಿ ತಿರುಗಿ ಗೊಂಬೆ ಆಡಿಸೋ ಕಿಳ್ಳೇಕ್ಯಾತರ ಹತ್ರ ಇದ್ದಿದ್ದನ್ನ ಉಳಿಸಿದ್ರು. ಮೈಸೂರು ಸಾಂಪ್ರದಾಯಿಕ ಚಿತ್ರಗಳು, ಸ್ವೆತೋಸ್ಲಾವ್ ರೋರಿಕ್ ಚಿತ್ರಗಳು, ಕೇಜ್ರಿವಾಲ್ ಕುಟುಂಬ ಕೊಟ್ಟ ಸಂಗ್ರಹ, ಕೃಷ್ಣಾರೆಡ್ಡಿಯವರ ಅಚ್ಚುಚಿತ್ರಗಳು, ಎಲ್ಲಾ ಇದೆ, ಆದ್ರೆ ನನ್ನ ಮನಸ್ಸು ಗೊಂಬೆ ಕಡೆಗೇ.

ತೊಗಲುಗೊಂಬೆನ ಗೋಡೆಗೆ ಒರಗಿಸಿ ಮುಂದಿನಿಂದ ಲೈಟ್ ಬಿಟ್ಟರೆ ಅದು ಬರೀ ಕಂದು ಬಣ್ಣದ ಒಣ ಚರ್ಮ. ಅದನ್ನ ಮಾಡಿರೋದೇ ಹಿಂದಿನಿಂದ ದೀಪ ಬರಲಿ ಅಂತ. ಚರ್ಮನ ಹದ ಮಾಡಿ, ಕೂದಲು ತೆಗೆದು, ಹೆರೆದು ಹೆರೆದು ಬೆಳಕು ದಾಟೋಷ್ಟು ತೆಳು ಮಾಡ್ತಾರೆ, ಆಮೇಲೆ ಬಣ್ಣ, ಆಮೇಲೆ ಉಳಿಯಿಂದ ತೂತು. ಹಿಂದೆ ದೀಪ ಹಚ್ಚಿದ ಕೂಡಲೇ ಆ ಕೆಂಪು ರಕ್ತದ ಹಾಗೆ ಹೊಳೆಯುತ್ತೆ, ಒಡವೆ ಇರೋ ಜಾಗದಲ್ಲೆಲ್ಲಾ ತೂತಿನಿಂದ ಬೆಳಕು ಬಂದು ರಾವಣನ ಕಿರೀಟ ಪೂರ್ತಿ ಮಿನುಗುತ್ತೆ. ನಾನು ಒಂದು ಮ್ಯೂಸಿಯಂನಲ್ಲಿ, ಹೆಸರು ಬೇಡ, ಇಂಥ ಗೊಂಬೆ ಹಿಂದೆ ಪ್ಲೈವುಡ್ ಹೊಡೆದಿದ್ದನ್ನ ನೋಡಿ ಅಲ್ಲೇ ನಿಂತು ಹೊಟ್ಟೆ ಉರಿಸ್ಕೊಂಡೆ. ಗೊಂಬೆಗೂ ಬೆಳಕಿನಿಂದ ತೊಂದರೆ ಇದೆ ಅಂತ ಗೊತ್ತು, ಕಾಗದ ರಿಪೇರಿ ಸಾರ್ ಬೈಬೇಡಿ. ಅದಕ್ಕೇ ಹಳೇ ಗೊಂಬೆ ಹಿಂದೆ ಗುಂಡಿ ಒತ್ತಿದ್ರೆ ಅರ್ಧ ನಿಮಿಷ ಮಾತ್ರ ಹತ್ತೋ ಲೈಟ್ ಇಡಲಿ. ಹಬ್ಬದ ದಿನ ಹೊಸ ಗೊಂಬೆಗಳಿಂದ ಆಟನೇ ಆಡಿಸಲಿ, ಆಡಿಸೋರು ಇನ್ನೂ ಇದಾರೆ, ಅವರಿಗೆ ಸರಿಯಾದ ಸಂಭಾವನೆ ಕೊಟ್ಟು ಕರೆಸಲಿ.

ಕಾಗದ ರಿಪೇರಿ

ಯಾಕೆ ಬೈಲಿ, ಗುಂಡಿ ಒತ್ತೋ ಲೈಟು ಬಹಳ ಒಳ್ಳೇ ಐಡಿಯಾ. ಬಿಸಿ ಆಗದ ಎಲ್‌ಇಡಿ ಹಾಕಿಸಿ, ಚರ್ಮಕ್ಕೆ ಬಿಸಿ ಆಗಲ್ಲ.

ಶಾಸನ ಪ್ರೇಮಿ

ಪಕ್ಕದ ಕೆಂಪು ಕಟ್ಟಡನ ಯಾರೂ ಮಾತಾಡಿಸ್ತಿಲ್ಲ. ಅದರ ಶುರು ಎಡ್ವರ್ಡ್ ಬಾಲ್ಫರ್ ಅನ್ನೋ ಡಾಕ್ಟರ್‌ನಿಂದ, ಕಟ್ಟಡ ರಿಚರ್ಡ್ ಸ್ಯಾಂಕಿಯದು, ಕೆರೆಗೂ ಅವರದೇ ಹೆಸರು. ಅಲ್ಲಿ ಆತಕೂರು ಶಾಸನ ಇದೆ, 949–50ರದ್ದು. ಮಕ್ಕಳಿಗೆ ಅದರ ಕಥೆ ಹೇಳಿ ನೋಡಿ, ಅಲುಗಾಡದೇ ನಿಲ್ತಾರೆ. ರಾಷ್ಟ್ರಕೂಟರ ಮೂರನೇ ಕೃಷ್ಣನಿಗೂ ಚೋಳರಿಗೂ ತಕ್ಕೋಲದಲ್ಲಿ ಯುದ್ಧ ಆಯ್ತು, ಗಂಗರ ಬೂತುಗ ಕೃಷ್ಣನ ಕಡೆ. ಬೂತುಗನ ಸೇವಕ ಮಣಲೆರ ಚೆನ್ನಾಗಿ ಕಾದಾಡಿದ, ರಾಜನಿಗೆ ಖುಷಿ ಆಗಿ ಏನು ಬೇಕೋ ಕೇಳು ಅಂದ. ಅವನು ಊರು, ಚಿನ್ನ ಏನೂ ಕೇಳಲಿಲ್ಲ, ಕಾಳಿ ಅನ್ನೋ ಬೇಟೆನಾಯಿ ಕೊಡಿ ಅಂದ. ಆ ನಾಯಿ ದೊಡ್ಡ ಹಂದಿ ಜೊತೆ ಕಾದಾಡಿ, ಹಂದಿ ನಾಯಿ ಎರಡೂ ಸತ್ತವು. ಅದಕ್ಕೆ ಕಲ್ಲು ನಿಲ್ಲಿಸಿದ್ರು, ಮೇಲೆ ನಾಯಿ ಹಂದಿ ಎದುರುಬದುರು ಕೆತ್ತಿದಾರೆ.

ಚಿತ್ರಶಾಲೆಗೆ ಬರೋ ಮಕ್ಕಳನ್ನ ಮೊದಲು ಕಾಳಿ ಹತ್ರ ಕರ್ಕೊಂಡು ಹೋಗಿ. ಸಾವಿರ ವರ್ಷದ ಹಿಂದೆ ಒಬ್ಬ ಕಲ್ಲಲ್ಲಿ ನಾಯಿ ಕೆತ್ತಿದ, ನೂರು ವರ್ಷದ ಹಿಂದೆ ಇನ್ನೊಬ್ಬರು ಕಾಗದದಲ್ಲಿ ಮಂಜು ಹಿಡಿದ್ರು, ಎರಡೂ ಒಂದೇ ಕಾಂಪೌಂಡು.

ಬಸವನಗುಡಿ ಕಲಾವಿದೆ

ಹಬ್ಬದ ಸಂಭ್ರಮದಲ್ಲಿ 2016ನ್ನೂ ನೆನಪಿಟ್ಕೊಳ್ಳಿ. ಈ ಚಿತ್ರಶಾಲೆಯನ್ನ ಖಾಸಗಿಯವರ ಜೊತೆ ಒಪ್ಪಂದಕ್ಕೆ ಕೊಡ್ತಾರೆ ಅಂದಾಗ ಊರಿನ ಕಲಾವಿದರು ಅದರ ಮುಂದೆ ಕೂತು ಚಿತ್ರ ಬರೆದು, ಹಾಡಿ, ಪ್ರತಿಭಟನೆ ಮಾಡಿದ್ರು. ಯಾಕೆ ಅಂದ್ರೆ ಇಲ್ಲಿನ ಹಾಲ್‌ಗಳು ಕಡಿಮೆ ಬಾಡಿಗೆಗೆ ಸಿಗ್ತಿತ್ತು, ಇದೀಗ ಕಾಲೇಜು ಮುಗಿಸಿದ ಹುಡುಗ ಹುಡುಗಿ ಮೊದಲ ಪ್ರದರ್ಶನ ಮಾಡ್ತಿದ್ದಿದ್ದೇ ಇಲ್ಲಿ. ನನ್ನ ಅಭಿಪ್ರಾಯ ಹೇಳ್ತೀನಿ, ಖಾಸಗಿ ದುಡ್ಡು ಬಂದ್ರೆ ಛಾವಣಿ ಸೋರೋದು ನಿಲ್ಲಬಹುದು, ಲೈಟು ಬರಬಹುದು, ಅದಕ್ಕೆ ನಾನು ವಿರೋಧಿ ಅಲ್ಲ, ಆದ್ರೆ ಯಾವ ಚಿತ್ರ ತೋರಿಸಬೇಕು, ಯಾರಿಗೆ ಹಾಲ್ ಕೊಡಬೇಕು ಅನ್ನೋದು ಸಾರ್ವಜನಿಕರ ಕೈಯಲ್ಲೇ ಇರಬೇಕು. ಸಂಗ್ರಹ ಜನರದ್ದು.

ಮಾರತಹಳ್ಳಿ ಟೆಕ್ಕಿ

ಎಲ್ರದ್ದೂ ಓದಿದೆ, ರಾತ್ರಿ ನಿದ್ದೆ ಬಿಟ್ಟು ಒಂದು ವಿಷಯ ಹುಡುಕಿದೆ, ಕೇಳಿ. ನಮ್ಮ ಕಾಪಿರೈಟ್ ಕಾಯ್ದೆ ಪ್ರಕಾರ ಚಿತ್ರದ ಹಕ್ಕು ಕಲಾವಿದ ತೀರಿಕೊಂಡು 60 ವರ್ಷದ ತನಕ, ತೀರಿಕೊಂಡ ವರ್ಷದ ಮುಂದಿನ ಜನವರಿಯಿಂದ ಲೆಕ್ಕ. ವೆಂಕಟಪ್ಪನವರು 1965. ಅಂದ್ರೆ 2025ರ ಡಿಸೆಂಬರ್ 31ಕ್ಕೆ ಹಕ್ಕು ಮುಗಿಯುತ್ತೆ, 2026ರ ಜನವರಿ 1ರಿಂದ ಅವರ ಚಿತ್ರಗಳು ಎಲ್ಲರ ಸ್ವತ್ತು! ಚಿತ್ರಶಾಲೆಗೆ ಐವತ್ತು ತುಂಬೋದೂ ಚಿತ್ರಗಳು ಜನರ ಕೈಗೆ ಬರೋದೂ ಒಂದೇ ಹೊತ್ತಿಗೆ.

ಹಾಗಾಗಿ ನನ್ನ ಸೇರ್ಪಡೆ: ಪ್ರತಿ ಚಿತ್ರನ ಒಂದೇ ಸಲ, ಸರಿಯಾಗಿ, ದೊಡ್ಡ ಸೈಜಲ್ಲಿ ಸ್ಕ್ಯಾನ್ ಮಾಡಿ ಯಾರು ಬೇಕಾದ್ರೂ ಇಳಿಸ್ಕೊಳ್ಳೋ ಹಾಗೆ ಬಿಡಲಿ. ಜೊತೆಗೆ ಪೂರ್ತಿ ಪಟ್ಟಿ, ಕನ್ನಡದಲ್ಲಿ: ಹೆಸರು, ವರ್ಷ, ಅಳತೆ, ಯಾವುದರ ಮೇಲೆ ಯಾವ ಬಣ್ಣ, ಎಲ್ಲಿಂದ ಬಂತು. ಆಗ ಕೋಲಾರದ ಶಾಲೆಯಲ್ಲಿ ಡ್ರಾಯಿಂಗ್ ಪಾಠದ ಪುಸ್ತಕಕ್ಕೆ ಊಟಿಯ ಮಂಜನ್ನ ಹಾಕಬಹುದು, ಅಸಲು ಚಿತ್ರ ಡ್ರಾಯರಲ್ಲಿ ಹಾಯಾಗಿ ಇರುತ್ತೆ. ಮೇಷ್ಟ್ರ ಕಷ್ಟಕ್ಕೂ ಕಾಗದ ರಿಪೇರಿ ಸಾರ್ ಕಷ್ಟಕ್ಕೂ ಇದು ಸ್ವಲ್ಪ ದಾರಿ ಆಗಬಹುದಾ? ಪಟ್ಟಿ ಟೈಪ್ ಮಾಡೋಕೆ ಶನಿವಾರ ಭಾನುವಾರ ನಾನು ಬರ್ತೀನಿ, ನನ್ನ ಟೀಮಿಂದ ಇನ್ನೂ ಮೂರು ಜನ ಕನ್ನಡದವರನ್ನ ಎಳ್ಕೊಂಡು ಬರ್ತೀನಿ.

ಕಾಗದ ರಿಪೇರಿ

ಒಂದೇ ಸಲ ಸ್ಕ್ಯಾನ್ ಅನ್ನೋದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಚಿತ್ರದ ಇವತ್ತಿನ ಸ್ಥಿತಿ ದಾಖಲೆ ಆಗುತ್ತೆ, ಮುಂದೆ ಬಣ್ಣ ಎಷ್ಟು ಮಾಸಿತು ಅಂತ ಹೋಲಿಸಿ ನೋಡೋಕೂ ಬೇಕು. ಹೆಬ್ಬಾರರದ್ದು 1996, ಅವರ ಹಕ್ಕು ಇನ್ನೂ ಇದೆ, ಅದನ್ನ ಅನುಮತಿ ಪಡೆದೇ ಮಾಡಬೇಕು.

ಡ್ರಾಯಿಂಗ್ ಮೇಷ್ಟ್ರು (ಚಾಮರಾಜಪೇಟೆ)

ಸ್ಕ್ಯಾನ್ ನೋಡಿದ್ದು ಅಸಲು ನೋಡಿದ ಹಾಗೆ ಆಗಲ್ಲ ತಮ್ಮಾ, ಆ ಮಾತನ್ನ ನಾನು ಬಿಡಲ್ಲ. ಆದ್ರೆ ಪುಸ್ತಕದಲ್ಲಿ ನೋಡಿದ ಮಗು ಅಸಲು ನೋಡಬೇಕು ಅಂತ ಹಟ ಹಿಡಿಯುತ್ತಲ್ಲ, ಅದಕ್ಕೋಸ್ಕರ ಒಪ್ತೀನಿ. ಜನವರಿ 1ರ ವಿಷಯ ನಿಜವಾಗ್ಲೂ ನನಗೆ ಗೊತ್ತಿರಲಿಲ್ಲ, ಓದಿ ಮೈ ಜುಮ್ ಅಂತು.

ಚಾಮರಾಜಪೇಟೆ ಅಮ್ಮ

ಲೇಬಲ್ ಬಗ್ಗೆ ಯಾರೂ ಬರೀಲಿಲ್ಲ. "ಭೂದೃಶ್ಯ, ಜಲವರ್ಣ, ಕಾಗದ" ಅಂತ ಮೂರು ಪದ ಹಾಕಿದ್ರೆ ನನ್ನ ಮಗಳಿಗೆ ಏನೂ ಗೊತ್ತಾಗಲ್ಲ. ಮೇಲೆ ಮೇಷ್ಟ್ರು ಮಂಜಿನ ಅಂಚಿನ ಬಗ್ಗೆ ಬರೆದ್ರಲ್ಲ, ಅಂಥ ನಾಲ್ಕು ಸಾಲು, ಮಾತಾಡೋ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ, ಮಕ್ಕಳ ಕಣ್ಣಿನ ಎತ್ತರಕ್ಕೆ ಹಾಕಿಸಿ. ಬೆಳಕು ಕಡಿಮೆ ಇಡಬೇಕು ಅಂತೀರಿ, ಹಾಗಿದ್ರೆ ಯಾಕೆ ಕಡಿಮೆ ಅಂತಾನೂ ಒಂದು ಬೋರ್ಡ್ ಬೇಕು, ಇಲ್ಲದಿದ್ರೆ ಕರೆಂಟ್ ಉಳಿಸ್ತಿದಾರೆ ಅಂದ್ಕೋತಾರೆ. ಕಣ್ಣು ಕಾಣದವರಿಗೆ ಆ ಉಬ್ಬುಶಿಲ್ಪದ ಒಂದು ನಕಲು ಅಚ್ಚು ಹಾಕಿ ಮುಟ್ಟೋಕೆ ಇಡಬಹುದಾ? ನಮ್ಮ ಪಕ್ಕದ ಮನೆ ಹುಡುಗನಿಗೋಸ್ಕರ ಕೇಳ್ತಿದೀನಿ.

ಕಾಗದ ರಿಪೇರಿ

ಖಂಡಿತ ಇಡಬಹುದು ಅಮ್ಮ. ಅಸಲಿಗೆ ಅಚ್ಚಿನ ವಸ್ತು ತಾಗಿಸದೇ ಸ್ಕ್ಯಾನ್ ಮಾಡಿ ನಕಲು ತೆಗೆಯೋ ವಿಧಾನ ಈಗ ಇದೆ. ಇದನ್ನ ಪತ್ರದಲ್ಲಿ ಮೇಲೇ ಹಾಕೋಣ.

ಡ್ರಾಯಿಂಗ್ ಮೇಷ್ಟ್ರು (ಚಾಮರಾಜಪೇಟೆ)

ಸರಿ ಹಾಗಿದ್ರೆ. ಪತ್ರದ ಕರಡು ನಾನು ಬರೀತೀನಿ, ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆ ಆಯುಕ್ತರಿಗೆ. "ಇಡೀ ವರ್ಷ ಗೋಡೆ ಮೇಲೆ" ತೆಗೆದು ಸರದಿ ಅಂತ ಹಾಕ್ತೀನಿ. ಮೌಂಟು, ಗಾಜು, ತೇವದ ಮೀಟರು, ಜನವರಿ 1ರ ಸ್ಕ್ಯಾನ್ ಮತ್ತೆ ಕನ್ನಡ ಪಟ್ಟಿ, ಉತ್ತರ ಕರ್ನಾಟಕದವರಿಗೆ ಕೋಣೆ, ಮುಟ್ಟೋ ಅಚ್ಚು, ವೀಣೆ ಕಛೇರಿ. ಬಸ್ಸಿನ ವಿಷಯ ಬಿಎಂಟಿಸಿಗೆ ಬೇರೆ ಬರೆಯೋಣ. ತೊಗಲುಗೊಂಬೆ ಪರಿಷತ್ತಿಗೆ ಸೇರಿದ್ದು, ಅವರಿಗೂ ಒಂದು ಪ್ರತಿ. ಕಲಬುರ್ಗಿ ಸಾರ್, ಪಂಡಿತರ ಚಿತ್ರ ಯಾರ ಹತ್ರ ಕೇಳಬೇಕು ಅಂತ ನೀವೇ ವಿಚಾರಿಸಿ ತಿಳಿಸಿ.

ಬರೋ ಭಾನುವಾರ ಹತ್ತೂವರೆಗೆ ಕಸ್ತೂರ್ಬಾ ರಸ್ತೆ ಗೇಟ್ ಹತ್ರ ಸೇರೋಣ, ಕಬ್ಬನ್ ಪಾರ್ಕ್ ಮೆಟ್ರೋ ಇಳಿದು ಪಾರ್ಕ್ ಒಳಗಿಂದ ನಡ್ಕೊಂಡು ಬಂದ್ರೆ ಆರಾಮ. ರಿಪೇರಿ ಕೆಲಸ ನಡೀತಿದ್ರೆ ಕೆಲವು ಹಾಲ್ ಮುಚ್ಚಿರಬಹುದು, ಶನಿವಾರ ನಾನು ಫೋನ್ ಮಾಡಿ ಕೇಳಿ ಇಲ್ಲೇ ಹಾಕ್ತೀನಿ. ಸಹಿ ಹಾಕೋರು ಅವತ್ತೇ ಹಾಕಿ.

ಕಲಬುರ್ಗಿ ಮಂದಿ

ನಾ ಬರೂದ್ ಆಗಂಗಿಲ್ರಿ ದೂರದ, ಸಹಿ ಮಾಡಿ ಟಪಾಲಿನಾಗ ಕಳಸ್ತೀನಿ. ಪಂಡಿತರ ಗ್ಯಾಲರಿ ಇಲ್ಲೇ ಕಲಬುರ್ಗಿದಾಗ ಅದ, ನಾಳಿಗೇ ಹೋಗಿ ಮಾತಾಡ್ತೀನಿ.

ಚಾಮರಾಜಪೇಟೆ ಅಮ್ಮ

ಮಗಳನ್ನ ಕರ್ಕೊಂಡು ಬರ್ತೀನಿ. ಅವಳು ಬಣ್ಣದ ಡಬ್ಬಿ ತರ್ತೀನಿ ಅಂತ ಹಟ ಮಾಡ್ತಿದಾಳೆ, ಅಲ್ಲೇ ಕೂತು ಬರೀಬಹುದಾ?

ಕಾಗದ ರಿಪೇರಿ

ಒಳಗೆ ಪೆನ್ಸಿಲ್ ಮತ್ತೆ ಕಾಗದ ಮಾತ್ರ ಅಮ್ಮ, ಬಣ್ಣ ನೀರು ಬೇಡ. ಬಣ್ಣದ ಡಬ್ಬಿ ಬ್ಯಾಗಲ್ಲೇ ಇರಲಿ, ಹೊರಗೆ ಬಂದ ಮೇಲೆ ಮರದ ಕೆಳಗೆ ಕೂತು ಬರೆಯಲಿ, ಮೇಷ್ಟ್ರು ಇರ್ತಾರಲ್ಲ, ವಾಶ್ ಹೇಗೆ ಹಾಕೋದು ಅಂತ ಹೇಳಿಕೊಡ್ತಾರೆ.